ಭಾನುವಾರದ ಬುತ್ತಿ ಶನಿವಾರವೇ ಕಟ್ಟಬೇಕು

"ಪೂಜೆಗೆ ಹೋಗಿ ಬಂದೆ, ಮನಸ್ಸಿಗೆ ಏನೂ ಹತ್ತಲಿಲ್ಲ" ಎಂಬ ಮಾತನ್ನು ಗುರುಗಳ ಮುಂದೆ ಹೇಳಲು ಜನ ಹಿಂಜರಿಯುತ್ತಾರೆ. ಚರ್ಚಿನ ಅಂಗಳದಲ್ಲಿ ಛತ್ರಿ ಬಿಚ್ಚುವಾಗ ಪಕ್ಕದವರ ಹತ್ತಿರ ಹೇಳಿಕೊಳ್ಳುತ್ತಾರೆ. ಪ್ರಬೋಧನೆ ಉದ್ದವಾಯಿತು, ಮೈಕ್ ಸರಿಯಿರಲಿಲ್ಲ, ಹಾಡುವವರಿಗೆ ಶ್ರುತಿ ಸಿಗಲಿಲ್ಲ ಎಂದು ಕಾರಣ ಹುಡುಕುತ್ತಾರೆ. ಅವೂ ಇರಬಹುದು. ಆದರೆ ಹಾಸನ, ಚಿಕ್ಕಮಗಳೂರು ಕಡೆಯ ವಾರ ಹೇಗಿರುತ್ತದೆ ನೋಡಿ. ಆರು ದಿನ ತೋಟ, ಗದ್ದೆ, ಅಂಗಡಿ, ಆಫೀಸು. ವಾರದ ಕೊನೆಗೆ ಬಟವಾಡೆ, ಸಂತೆ, ಮನೆ ಸಾಮಾನು. ರಾತ್ರಿ ಹನ್ನೊಂದಕ್ಕೆ ಮಲಗಿ, ಬೆಳಿಗ್ಗೆ ಮಕ್ಕಳಿಗೆ ತಲೆ ಬಾಚುತ್ತ ಬಸ್ಸಿಗೆ ಓಟ. ಹೀಗೆ ಬಂದವರಿಗೆ ಬಲಿಪೂಜೆ (ಮಾಸ್) ಅರ್ಧ ಮುಗಿಯುವವರೆಗೆ ಉಸಿರೇ ಹದಕ್ಕೆ ಬಂದಿರುವುದಿಲ್ಲ. ಭಾನುವಾರ ಬರಿಗೈಯಲ್ಲಿ ಮರಳುವುದಕ್ಕೆ ಬಹುಪಾಲು ಕಾರಣ ಶನಿವಾರ ಸಂಜೆಯಲ್ಲಿದೆ.

ಬೈಬಲ್ಲಿನ ವಿಮೋಚನಕಾಂಡದ 16ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಮರಳುಗಾಡಿನಲ್ಲಿ ಇಸ್ರಯೇಲರಿಗೆ ಮನ್ನ, ಅಂದರೆ ಆಕಾಶದಿಂದ ಆಹಾರ, ಬಿದ್ದಾಗ ಸಿಕ್ಕ ಅಪ್ಪಣೆ ತಲೆಗೊಂದು ಓಮೆರ್, ಅಂದರೆ ಸುಮಾರು ಎರಡು ಲೀಟರ್ ಅಳತೆ, ಅದೂ ಅಂದಂದಿಗೆ. ಹೆಚ್ಚು ಕೂಡಿಟ್ಟವರದು ಹುಳ ಬಿದ್ದು ನಾರಿತು. ಆರನೆಯ ದಿನ ಮಾತ್ರ ಇಮ್ಮಡಿ ಕೂಡಿಸಿ ಬೇಯಿಸಿಡಬೇಕು. ಹಾಗೆ ಇಟ್ಟದ್ದು ಸಬ್ಬತ್ ಎಂಬ ವಿಶ್ರಾಂತಿಯ ದಿನ ಕೆಡಲಿಲ್ಲ. ದಿನಕ್ಕೆ ಸ್ವಲ್ಪ, ಹಬ್ಬದ ಹಿಂದಿನ ದಿನ ಸ್ವಲ್ಪ ಹೆಚ್ಚು: ಮುಂದೆ ಹೇಳುವುದೆಲ್ಲ ಈ ಲೆಕ್ಕದ ಮೇಲೆಯೇ ನಿಂತಿದೆ. ಕಥೋಲಿಕ ಬಲಿಪೂಜೆಯನ್ನು ಮುಂದಿಟ್ಟುಕೊಂಡು ಬರೆದಿದ್ದೇವೆ, ಏಕೆಂದರೆ ಅದರ ವಿಧಿ ಊರೂರಿಗೆ ಬದಲಾಗುವುದಿಲ್ಲ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಸಭೆಗಳಲ್ಲಿ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳಿದ್ದೇವೆ.

ಶನಿವಾರ ಸಂಜೆಯ ಇಪ್ಪತ್ತು ನಿಮಿಷ

ಮೊದಲ ಕೆಲಸ, ನಾಳೆ ಪೂಜೆಯಲ್ಲಿ ಬೈಬಲ್ಲಿನ ಯಾವ ವಾಚನಗಳಿವೆ ಎಂದು ತಿಳಿದುಕೊಳ್ಳುವುದು. ಕಥೋಲಿಕ ದೇವಾಲಯಗಳಲ್ಲಿ ಭಾನುವಾರದ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ. ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಒಂದು ಉಳಿದರೆ ಮತ್ತಾಯನ ಶುಭಸಂದೇಶ ಓದುವ ವರ್ಷ, ಎರಡು ಉಳಿದರೆ ಮಾರ್ಕನದು, ಏನೂ ಉಳಿಯದಿದ್ದರೆ ಲೂಕನದು. 2026 ಮತ್ತಾಯನ ವರ್ಷ, 2027 ಮಾರ್ಕನದು. ಒಂದು ಎಚ್ಚರ: ಈ ವರ್ಷ ಜನವರಿ ಒಂದಕ್ಕೆ ಶುರುವಾಗುವುದಿಲ್ಲ, ಕ್ರಿಸ್ಮಸ್‌ಗೆ ಮುಂಚಿನ ನಾಲ್ಕನೇ ಭಾನುವಾರ, ಆಗಮನ ಕಾಲದೊಂದಿಗೆ ಶುರುವಾಗುತ್ತದೆ. ಡಿಸೆಂಬರ್‌ನಲ್ಲಿ ಓದುವವರು ಮುಂದಿನ ಇಸವಿಯನ್ನು ಭಾಗಿಸಬೇಕು. ಯೋಹಾನನಿಗೆ ಪ್ರತ್ಯೇಕ ವರ್ಷವಿಲ್ಲ. ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಮತ್ತು ಹಬ್ಬದ ನಂತರದ ಪಾಸ್ಖ ಕಾಲದಲ್ಲಿ ಅವನ ಪಾಲು ದೊಡ್ಡದು. ಮಾರ್ಕನ ವರ್ಷದಲ್ಲಿ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ, ನಮ್ಮಲ್ಲಿ ಮಳೆ ಹಿಡಿದು ಹೊಡೆಯುವ ಹೊತ್ತಿನಲ್ಲಿ, ಯೋಹಾನನ 6ನೇ ಅಧ್ಯಾಯ, ಅಂದರೆ ಜೀವದ ರೊಟ್ಟಿಯ ಅಧ್ಯಾಯ, ವಾರವಾರ ಸಾಲಾಗಿ ಬರುತ್ತದೆ. ಆ ಭಾನುವಾರಗಳನ್ನು ತಪ್ಪಿಸಬೇಡಿ.

ಭಾನುವಾರದ ನಿರ್ದಿಷ್ಟ ಅಧ್ಯಾಯ, ವಚನ ಕಥೋಲಿಕ ಕ್ಯಾಲೆಂಡರಿನಲ್ಲಿ ತಾರೀಖಿನ ಕೆಳಗೇ ಅಚ್ಚಾಗಿರುತ್ತದೆ. ಸಿಎಸ್‌ಐ ಸಭೆಗಳಿಗೆ ತಮ್ಮದೇ ಪಾಠಪಟ್ಟಿ ಇದೆ, ಪ್ರತಿ ಭಾನುವಾರಕ್ಕೂ ಒಂದು ವಿಷಯ ಗೊತ್ತುಮಾಡಿರುತ್ತಾರೆ; ಸಭಾಪಾಲಕರನ್ನು ಕೇಳಿದರೆ ಕೊಡುತ್ತಾರೆ. ಪಟ್ಟಿಯೇ ಇಲ್ಲದ ಸಭೆಗೆ ಹೋಗುವವರು ಮಾರ್ಕನ ಶುಭಸಂದೇಶವನ್ನು ವಾರಕ್ಕೊಂದು ಅಧ್ಯಾಯದಂತೆ ಹಿಡಿಯಬಹುದು. ಒಟ್ಟು ಹದಿನಾರು ಅಧ್ಯಾಯ, ನಾಲ್ಕು ತಿಂಗಳೊಳಗೆ ಮುಗಿಯುತ್ತದೆ.

ಇನ್ನು ಓದುವ ಕ್ರಮ. ಇದನ್ನು ರೂಢಿಗೆ ತಂದವರು ಮಠಗಳ ಸನ್ಯಾಸಿಗಳು. ಹನ್ನೆರಡನೇ ಶತಮಾನದಲ್ಲಿ ಎರಡನೇ ಗೀಗೋ ಎಂಬ ಕಾರ್ತೂಸಿಯನ್ ಮಠಾಧಿಪತಿ ಅದನ್ನು ನಾಲ್ಕು ಮೆಟ್ಟಿಲುಗಳಾಗಿ ವಿವರಿಸಿದ: ಓದು, ಮನನ, ಪ್ರಾರ್ಥನೆ, ಮೌನ. ಶ್ರವಣ, ಮನನ ಎಂಬ ಮಾತು ಕೇಳಿ ಬೆಳೆದ ನಮಗೆ ಇದು ಪರದೇಶದ ವಿದ್ಯೆ ಅನ್ನಿಸಬೇಕಿಲ್ಲ.

ಊಟಕ್ಕೆ ಮುಂಚೆ ಕುಳಿತುಕೊಳ್ಳಿ. ಊಟವಾದ ಮೇಲೆ ಕೂತರೆ ತೂಕಡಿಕೆ ಖಂಡಿತ. ಮೂರು ವಾಚನಗಳನ್ನೂ ಓದಲು ಹೋಗಬೇಡಿ, ಶುಭಸಂದೇಶ ಒಂದೇ ಸಾಕು. ಮೊದಲ ಸಲ ಬಾಯಿಬಿಟ್ಟು ಓದಿ, ಮನೆಯವರಿಗೆ ಕೇಳುವಷ್ಟು ದೊಡ್ಡದಾಗಿ. ಬೈಬಲ್ಲಿನ ಬಹುಪಾಲು ಕಿವಿಗೆಂದೇ ಬಂದದ್ದು; ಕಣ್ಣೋಟದಲ್ಲಿ ಜಾರಿಹೋಗುವ ಪದವನ್ನು ನಾಲಿಗೆ ಹಿಡಿದು ನಿಲ್ಲಿಸುತ್ತದೆ. ಎರಡನೇ ಸಲ ಅರ್ಧ ವೇಗದಲ್ಲಿ ಓದಿ, ಎಲ್ಲಿ ಕಾಲು ತಡವರಿಸಿತೋ ಅಲ್ಲೇ ನಿಲ್ಲಿ. ಅದು ಸಮಾಧಾನ ಕೊಟ್ಟ ಮಾತಾಗಬಹುದು, ಸಿಟ್ಟು ತರಿಸಿದ ಮಾತೂ ಆಗಬಹುದು. ಎರಡನೆಯದಕ್ಕೇ ಹೆಚ್ಚು ಬೆಲೆ. ಆ ಒಂದು ಮಾತನ್ನು ಐದು ನಿಮಿಷ ಮನಸ್ಸಿನಲ್ಲಿ ಮೆಲುಕು ಹಾಕಿ. ಆಮೇಲೆ ಅದರ ಬಗ್ಗೆಯೇ ದೇವರ ಹತ್ತಿರ ನಿಮ್ಮ ಮನೆಮಾತಿನಲ್ಲಿ ಮಾತಾಡಿ. ಕೊನೆಗೆ ಮೂರು ನಿಮಿಷ ಸುಮ್ಮನಿರಿ. ಆ ಮಾತನ್ನು ಒಂದು ಚೀಟಿಯಲ್ಲಿ ಬರೆದು ನಾಳೆ ಹಾಕುವ ಅಂಗಿಯ ಜೇಬಿಗೋ ಪರ್ಸಿಗೋ ಇಡಿ. ಚೀಟಿಯ ಹಿಂದೆ ಒಬ್ಬರ ಹೆಸರು ಬರೆಯಿರಿ: ನಾಳಿನ ಪೂಜೆಯನ್ನು ಯಾರಿಗಾಗಿ ಒಪ್ಪಿಸುತ್ತೀರೋ ಅವರದು.

ಇದು ಎಲ್ಲಿ ಕೆಡುತ್ತದೆ? ಓದುವ ಮೊದಲೇ ಯೂಟ್ಯೂಬ್‌ನಲ್ಲಿ ಯಾರದೋ ವಿವರಣೆ ಕೇಳಿದರೆ ಕೆಡುತ್ತದೆ. ಬೇರೆಯವರು ಅಗಿದುಕೊಟ್ಟ ತುತ್ತಿಗೆ ರುಚಿ ಇರುವುದಿಲ್ಲ. "ಈ ಮಾತು ನಮ್ಮ ಭಾವನವರಿಗೆ ಸರಿಯಾಗಿ ಅನ್ವಯಿಸುತ್ತದೆ" ಎಂದುಕೊಂಡು ಓದಿದರೂ ಕೆಡುತ್ತದೆ. ಮೊಬೈಲಿನಲ್ಲಿ ಓದುವವರು ವಿಮಾನ ಮೋಡ್ ಹಾಕಿಕೊಳ್ಳಿ. ಮಳೆಗಾಲದಲ್ಲಿ ಕರೆಂಟು ಎರಡು ದಿನ ಬಾರದಿರುವುದು ಮಲೆನಾಡಿನಲ್ಲಿ ಹೊಸತಲ್ಲ, ಹಾಗಾಗಿ ಅಚ್ಚಿನ ಬೈಬಲ್ ಮನೆಯಲ್ಲಿ ಒಂದಿರಲೇಬೇಕು. ಅದನ್ನು ಗೋಡೆಗೆ ತಾಗಿಸಿ ಇಡಬೇಡಿ, ಜುಲೈ ಹೊತ್ತಿಗೆ ರಟ್ಟಿಗೆ ಬೂಷ್ಟು ಹಿಡಿಯುತ್ತದೆ. ದಿನಾ ಕೈಗೆತ್ತಿಕೊಳ್ಳುವ ಬೈಬಲ್ಲಿಗೆ ಬೂಷ್ಟು ಬರುವುದು ಕಡಿಮೆ.

ಯಾವ ಭಾಷೆಯ ಪೂಜೆ, ಎಷ್ಟು ಹೊತ್ತಿಗೆ

ಕಥೋಲಿಕರ ಚಿಕ್ಕಮಗಳೂರು ಧರ್ಮಕ್ಷೇತ್ರ (ಡಯಾಸಿಸ್) ರಚನೆಯಾದದ್ದು 1963ರ ನವೆಂಬರ್ 16ರಂದು. ಅದಾದ ಹದಿನೆಂಟೇ ದಿನಕ್ಕೆ, ಡಿಸೆಂಬರ್ 4ರಂದು, ಕಥೋಲಿಕ ಧರ್ಮಾಧ್ಯಕ್ಷರ ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ದಸ್ತಾವೇಜು ಹೊರಬಂತು. ಲ್ಯಾಟಿನ್‌ನಲ್ಲೇ ನಡೆಯುತ್ತಿದ್ದ ಪೂಜೆಗೆ ಜನರ ಭಾಷೆ ಬರಲು ಬಾಗಿಲು ತೆರೆಯಿತು. ಇಂದು ಎಂಬತ್ತು ದಾಟಿದ ಅಜ್ಜಿಯರು ಚಿಕ್ಕವರಿದ್ದಾಗ ಅರ್ಥವಾಗದ ಭಾಷೆಯಲ್ಲೇ ಭಕ್ತಿಯಿಂದ ನಿಂತಿದ್ದವರು. ಅರ್ಥವಾಗುವ ಭಾಷೆಯಲ್ಲಿ ಪೂಜೆ ಸಿಗುತ್ತಿರುವುದು ದೊಡ್ಡ ಭಾಗ್ಯ, ಅದನ್ನು ಪೂರ್ತಿ ಬಳಸಿಕೊಳ್ಳಿ.

ನಮ್ಮ ಎರಡೂ ಜಿಲ್ಲೆಗಳಲ್ಲಿ ಕನ್ನಡ, ಕೊಂಕಣಿ, ತಮಿಳು, ಮಲಯಾಳಂ ಮಾತಾಡುವ ಕ್ರೈಸ್ತರು ಬೆರೆತಿದ್ದಾರೆ. ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗುತ್ತಾರೆಂದು ಇಡೀ ಮನೆ ಇಂಗ್ಲಿಷ್ ಪೂಜೆಗೆ ಹೋಗುವುದುಂಟು. ಯಾವ ಭಾಷೆಯಲ್ಲಿ ನಿಮಗೆ ಅಳು ಬರುತ್ತದೋ ಆ ಭಾಷೆಯ ಪೂಜೆಗೆ ಹೋಗಿ ಎಂಬುದು ನಮ್ಮ ಸಲಹೆ. ಮಕ್ಕಳೂ ಆ ಭಾಷೆಯಲ್ಲಿ ಪ್ರಾರ್ಥಿಸಲು ಕಲಿತರೆ ಅಜ್ಜಿಯ ಜೊತೆ ಜಪಸರ (ರೋಸರಿ) ಹೇಳಬಲ್ಲರು.

ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವವರಿಗೆ ಅದಕ್ಕೆ ಮುಂಚೆ ಒಂದು ಗಂಟೆ ಉಪವಾಸ. ಪೂಜೆ ಶುರುವಾಗುವ ಹೊತ್ತಿನಿಂದಲ್ಲ, ಸ್ವೀಕರಿಸುವ ಹೊತ್ತಿನಿಂದ ಹಿಂದಕ್ಕೆ ಎಣಿಸಬೇಕು. ನೀರು, ಔಷಧಿಗೆ ಅಡ್ಡಿಯಿಲ್ಲ, ಕಾಫಿಗೆ ಇದೆ. ವಯಸ್ಸಾದವರಿಗೆ, ರೋಗಿಗಳಿಗೆ, ಅವರನ್ನು ನೋಡಿಕೊಳ್ಳುವವರಿಗೆ ಈ ನಿಯಮವಿಲ್ಲ. ಸಕ್ಕರೆ ಕಾಯಿಲೆಯವರು ಹಸಿದು ತಲೆ ಸುತ್ತಿಸಿಕೊಳ್ಳುವುದು ಭಕ್ತಿಯಲ್ಲ, ತಿಂಡಿ ತಿಂದೇ ಬನ್ನಿ. ಶನಿವಾರ ಸಂಜೆಯ ಪೂಜೆ ಇರುವ ಕಡೆ ಅದು ಭಾನುವಾರದ ಕಟ್ಟಳೆಗೆ ಸಲ್ಲುತ್ತದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಇದು ಬಹಳ ಮನೆಗಳಿಗೆ ಅನುಕೂಲ.

ಹದಿನೈದು ನಿಮಿಷ ಮುಂಚೆ ಬನ್ನಿ. ಆ ಹದಿನೈದರಲ್ಲಿ ಹತ್ತು ನಿಮಿಷ ಏನೂ ಮಾಡಬೇಡಿ.

ಪೂಜೆಯ ಒಳಗೆ

ಲೂಕನ 24ನೇ ಅಧ್ಯಾಯದಲ್ಲಿ ಯೇಸು ಶಿಲುಬೆಯಲ್ಲಿ ಸತ್ತ ಮೇಲೆ ಇಬ್ಬರು ಶಿಷ್ಯರು ಎಮ್ಮಾವು ಊರಿಗೆ ಮುಖ ಬಾಡಿಸಿಕೊಂಡು ನಡೆಯುತ್ತಾರೆ. ದಾರಿಯಲ್ಲಿ ಗುರುತು ಸಿಗದಂತೆ ಜೊತೆಯಾದ ಯೇಸು ಮೊದಲು ಅವರ ದುಃಖ ಕೇಳುತ್ತಾನೆ, ಆಮೇಲೆ ಧರ್ಮಗ್ರಂಥ ಬಿಡಿಸಿ ಹೇಳುತ್ತಾನೆ, ಆಮೇಲೆ ರೊಟ್ಟಿ ಮುರಿಯುತ್ತಾನೆ. ಕಣ್ಣು ತೆರೆದ ಅವರು ರಾತ್ರೋರಾತ್ರಿ ಜೆರುಸಲೇಮಿಗೆ ಹಿಂದಿರುಗುತ್ತಾರೆ. ಬಲಿಪೂಜೆಯ ನಾಲ್ಕು ಭಾಗಗಳೂ ಇದೇ ಕ್ರಮದಲ್ಲಿವೆ: ಒಟ್ಟುಗೂಡುವುದು, ವಾಕ್ಯ, ಪರಮಪ್ರಸಾದ, ಕಳುಹಿಸಿಕೊಡುವುದು. ಈ ನಕ್ಷೆ ತಲೆಯಲ್ಲಿದ್ದರೆ ಎಲ್ಲಿದ್ದೇವೆಂದು ಗೊತ್ತಾಗುತ್ತದೆ, ಮನಸ್ಸು ಅಲೆದರೂ ವಾಪಸು ಬರಲು ದಾರಿ ಇರುತ್ತದೆ.

ಶುರುವಿನಲ್ಲಿ ಗುರುಗಳು "ಪ್ರಾರ್ಥಿಸೋಣ" ಎಂದು ಕ್ಷಣ ಹೊತ್ತು ನಿಲ್ಲುತ್ತಾರೆ. ಬಹಳ ಜನ ಅದನ್ನು ಪುಟ ಹುಡುಕುವ ಸಮಯ ಅಂದುಕೊಂಡಿದ್ದಾರೆ. ಅದು ನಿಮ್ಮ ಪಾಲಿನದು. ಚೀಟಿಯ ಹಿಂದಿನ ಹೆಸರನ್ನು ಅಲ್ಲಿ ಮನಸ್ಸಿನಲ್ಲೇ ಹೇಳಬೇಕು. ಮುಂದೆ ಗುರುಗಳು ಗಟ್ಟಿಯಾಗಿ ಹೇಳುವ ಪ್ರಾರ್ಥನೆ ಎಲ್ಲರ ಆ ಬೇಡಿಕೆಗಳನ್ನು ಒಟ್ಟು ಮಾಡಿ ಒಪ್ಪಿಸುವಂಥದ್ದು. ಏನೂ ಹಾಕದಿದ್ದರೆ ಒಟ್ಟು ಮಾಡಲು ನಿಮ್ಮಿಂದ ಏನೂ ಇರುವುದಿಲ್ಲ.

ವಾಚನದ ಹೊತ್ತಿನಲ್ಲಿ ಪುಸ್ತಕ ಮುಚ್ಚಿ, ಕೇಳಿ. ನಿನ್ನೆ ಓದಿದ್ದೀರಿ, ಈಗ ಕಿವಿ ಆ ಒಂದು ಮಾತಿಗಾಗಿ ಕಾಯುತ್ತಿರುತ್ತದೆ, ಅದು ಬಂದಾಗ ಮೈ ಜುಮ್ಮೆನ್ನುತ್ತದೆ. ಪ್ರಬೋಧನೆ ಹಿಡಿಸದಿದ್ದರೆ ಬೇಸರಿಸಿ ಹೊರಗೆ ನೋಡಬೇಡಿ, ನಿಮ್ಮ ಚೀಟಿಗೆ ಮರಳಿ. ಚೆನ್ನಾಗಿದ್ದರೂ ಒಂದೇ ವಾಕ್ಯ ಹಿಡಿದುಕೊಳ್ಳಿ, ಐದು ಹಿಡಿದರೆ ಐದೂ ಜಾರುತ್ತವೆ.

ಕಾಣಿಕೆಯ ಹೊತ್ತನ್ನು ನಾವೆಲ್ಲ ಚಿಲ್ಲರೆ ಹುಡುಕುವುದರಲ್ಲಿ ಕಳೆಯುತ್ತೇವೆ. ಆಗ ಬಲಿಪೀಠದ ಮೇಲೆ ಗುರುಗಳು ದ್ರಾಕ್ಷಾರಸಕ್ಕೆ ಕೆಲವೇ ಹನಿ ನೀರು ಬೆರೆಸುತ್ತಾರೆ. ಬೆರೆತ ನೀರನ್ನು ಯಾರೂ ಬೇರೆ ಮಾಡಲಾರರು. ಆ ಹನಿಯನ್ನು ನೋಡುತ್ತ ನಿಮ್ಮ ವಾರವನ್ನು ಅದರೊಳಗೆ ಹಾಕಿ: ಬಾಡಿದ ಮೆಣಸಿನ ಬಳ್ಳಿ, ಬ್ಯಾಂಕಿನ ನೋಟೀಸು, ಮಗಳ ಪರೀಕ್ಷೆ, ಕೈಕೊಟ್ಟ ಮಂಡಿ. ಹೆಸರು ಹಿಡಿದು ಹಾಕಬೇಕು. "ಎಲ್ಲ ಕಷ್ಟಗಳನ್ನೂ ಒಪ್ಪಿಸುತ್ತೇನೆ" ಎಂದು ಸಗಟಾಗಿ ಹೇಳಿದರೆ ಮನಸ್ಸು ಯಾವುದನ್ನೂ ಕೈಬಿಟ್ಟಿರುವುದಿಲ್ಲ. ಕಾಣಿಕೆಯ ದುಡ್ಡನ್ನು ಮನೆಯಲ್ಲೇ ಎಣಿಸಿ ತೆಗೆದಿಟ್ಟುಕೊಂಡು ಬಂದರೆ ಈ ಎರಡು ನಿಮಿಷ ನಿಮಗೆ ಪೂರ್ತಿ ಸಿಗುತ್ತವೆ.

ಶಾಂತಿಯ ಸಂಜ್ಞೆಯನ್ನು ಸಿಎಸ್‌ಐ 1950ರ ತನ್ನ ಆರಾಧನಾ ವಿಧಿಯಲ್ಲಿ ಅಂಗೈಯಿಂದ ಅಂಗೈಗೆ ದಾಟಿಸುವಂತೆ ಏರ್ಪಡಿಸಿತು. ಬಲಿಪೀಠದ ಬಳಿಯಿಂದ ಹೊರಟ ಶಾಂತಿ ಕೊನೆಯ ಬೆಂಚಿನವರೆಗೆ ಕೈದಾಟಿ ಬರುತ್ತದೆ. ಬರೀ ಕೈಮುಗಿಯುವ ಕಡೆಯೂ ಅವಸರ ಬೇಡ, ಎದುರಿನವರ ಮುಖ ನೋಡಿ ಮುಗಿಯಿರಿ.

ಪರಮಪ್ರಸಾದವನ್ನು ಕೈಯಲ್ಲಿ ಪಡೆಯುವವರು ಎಡಗೈಯನ್ನು ಮೇಲೆ, ಬಲಗೈಯನ್ನು ಕೆಳಗೆ ಇಟ್ಟುಕೊಳ್ಳಬೇಕು. ಎಡಗೈಯಲ್ಲಿ ಪಡೆಯಲು ನಮ್ಮವರಿಗೆ ಮುಜುಗರ, ಅದು ಸಹಜ. ಆದರೆ ಬಲಗೈ ಕೆಳಗಿರುವುದು ಅದನ್ನು ಎತ್ತಿ ಬಾಯಿಗಿಡಲೆಂದೇ. "ಆಮೆನ್" ಅನ್ನುವುದು ಕೇಳಿಸಲಿ. ಅಲ್ಲೇ ನಿಂತು ಸ್ವೀಕರಿಸಿ, ಬೆಂಚಿನವರೆಗೆ ಒಯ್ಯಬೇಡಿ. ಬೇರೆ ಸಭೆಯ ಕ್ರೈಸ್ತರು ಅಥವಾ ಅನ್ಯಧರ್ಮದ ಸ್ನೇಹಿತರು ಜೊತೆಗೆ ಬಂದಿದ್ದರೆ ಕಥೋಲಿಕ ದೇವಾಲಯದಲ್ಲಿ ಅವರು ಸಾಲಿಗೆ ಬರುವಂತಿಲ್ಲ ಎಂಬುದನ್ನು ಮೊದಲೇ ಮೆಲ್ಲಗೆ ತಿಳಿಸಿ, ಸಾಲಿನಲ್ಲಿ ನಿಂತ ಮೇಲೆ ತಡೆದರೆ ನೋವಾಗುತ್ತದೆ.

ಪರಮಪ್ರಸಾದ ಸ್ವೀಕರಿಸಿದ ಮೇಲಿನ ಮೂರು ನಿಮಿಷವೇ ಇಡೀ ವಾರದ ತಿರುಳು. ಕಣ್ಣು ಮುಚ್ಚಿ. ಹಾಡುವವರು ಹಾಡಲಿ, ನೀವು ಆ ಹೊತ್ತು ಸುಮ್ಮನಿರಿ. ಚೀಟಿಯ ಮಾತನ್ನು ಒಮ್ಮೆ ಹೇಳಿಕೊಂಡು, ಒಳಗೆ ಬಂದ ಯೇಸುವಿಗೆ ಜಾಗ ಬಿಟ್ಟು ಕುಳಿತುಕೊಳ್ಳಿ. ಪ್ರಕಟಣೆಗಳು ಶುರುವಾಗುವುದಕ್ಕೂ ಮುಂಚೆ ಬೈಕಿನ ಕೀಲಿ ಹುಡುಕುವವರು ಬಡಿಸಿದ ಎಲೆ ಬಿಟ್ಟು ಏಳುವವರಂತೆ.

ಸಾಲಿಗೆ ಮುಂಚೆ ತೀರಿಸಬೇಕಾದದ್ದು

ಮತ್ತಾಯ 5:23–24 ಸ್ಪಷ್ಟವಾಗಿದೆ: ಸಹೋದರನಿಗೆ ನಿನ್ನ ಮೇಲೆ ದೂರಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗು. ನಮ್ಮ ಕಡೆ ಅಣ್ಣತಮ್ಮಂದಿರ ಬೇಲಿ ಜಗಳ, ದಾರಿ ಜಗಳ ಇಪ್ಪತ್ತು ವರ್ಷ ನಡೆಯುತ್ತವೆ, ಇಬ್ಬರೂ ಒಂದೇ ಚರ್ಚಿನಲ್ಲಿ ಎಡ ಬಲ ಕೂರುತ್ತಾರೆ. ಕೋರ್ಟು ಕೇಸು ನಿಮ್ಮೊಬ್ಬರಿಂದ ತೀರದಿರಬಹುದು. ಮಾತು ಶುರು ಮಾಡುವುದು ನಿಮ್ಮಿಂದ ಆಗುತ್ತದೆ. ಅಷ್ಟನ್ನಾದರೂ ಮಾಡದೆ ಪೂಜೆಯಲ್ಲಿ ರುಚಿ ಸಿಗಲಿಲ್ಲವೆಂದರೆ ಮದ್ದು ಬೇರೆಲ್ಲೂ ಇಲ್ಲ.

ಪಾಪನಿವೇದನೆಗೆ ಕ್ರಿಸ್ಮಸ್ ಹಿಂದಿನ ದಿನದ ಸಾಲಿನಲ್ಲಿ ನಿಲ್ಲುವ ಬದಲು ವಾರದ ನಡುವೆ ಗುರುಗಳಿಗೆ ಮೊದಲೇ ತಿಳಿಸಿ ಹೋಗಿ. ಹಿಂದಿನ ನಿವೇದನೆ ಯಾವಾಗ ಆಯಿತೆಂದು ಹೇಳಿ, ಪಾಪವನ್ನು ಅದರ ಹೆಸರಿನಲ್ಲೇ ಹೇಳಿ, ಗುರುಗಳು ಕೊಟ್ಟ ಪ್ರಾಯಶ್ಚಿತ್ತವನ್ನು ಅಂದೇ ಮಾಡಿ ಮುಗಿಸಿ. ಅಲ್ಲಿ ಕೆಡುವುದು ಎರಡು ರೀತಿ: ಗಂಡನ ಅಥವಾ ಅತ್ತೆಯ ಪಾಪಗಳನ್ನು ಹೇಳುವುದು, ಇಲ್ಲವೇ "ತಿಳಿದೋ ತಿಳಿಯದೆಯೋ ತಪ್ಪು ಮಾಡಿದ್ದೇನೆ" ಎಂದು ತೇಲಿಸುವುದು. ಸಿಎಸ್‌ಐ ಸಭೆಯವರು ಕರ್ತನ ಭೋಜನಕ್ಕೆ ಮುಂಚಿನ ಸಾಮೂಹಿಕ ಪಾಪ ಅರಿಕೆಯಲ್ಲಿ ತಮ್ಮದೇ ಒಂದನ್ನು ಹೆಸರಿಟ್ಟು ನೆನೆಯಬೇಕು.

ವಾರದ ನಡುವಿನ ಮಳೆ

ಕಾಫಿ ತೋಟದವರಿಗೆ ಇದನ್ನು ವಿವರಿಸಬೇಕಿಲ್ಲ. ಹೂಮಳೆ ಚೆನ್ನಾಗಿ ಬಂದು ಇಡೀ ತೋಟ ಬೆಳ್ಳಗೆ ಅರಳಿದರೂ ಅದರ ಬೆನ್ನಿಗೆ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ, ಬಾರದಿದ್ದರೆ ಕಾಯಿ ಕಚ್ಚುವುದಿಲ್ಲ. ಭಾನುವಾರದ ಪೂಜೆ ಹೂಮಳೆ. ಬ್ಯಾಕಿಂಗ್ ಮಳೆಗೆ ದಿನಕ್ಕೆ ಹತ್ತು ನಿಮಿಷವಾದರೂ ಸಾಕು.

ಬೆಳಿಗ್ಗೆ ಒಂದು ಕೀರ್ತನೆ. 150 ಕೀರ್ತನೆಗಳನ್ನು ದಿನಕ್ಕೊಂದರಂತೆ ಓದಿದರೆ ಐದು ತಿಂಗಳಾಗುತ್ತದೆ. 119ನೆಯದು 176 ವಚನಗಳದ್ದು, ಅದನ್ನು ಒಡೆದು ಓದಿ. ಮಳೆ ಕಂಡ ದಿನ 65ನೆಯದು, ರಾತ್ರಿ ನಿದ್ದೆ ಬಾರದವರಿಗೆ 4ನೆಯದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಜಪಸರ. ಐದು ದಶಕ ಹೇಳಲು ಇಪ್ಪತ್ತು ನಿಮಿಷ ಬೇಕು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಒಂದೇ ದಶಕ ಹೇಳಿ: ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯ, ಒಂದು ಮಹಿಮೆ. ಮೂರು ನಿಮಿಷದಲ್ಲಿ ಮುಗಿಯುತ್ತದೆ, ಮಕ್ಕಳು ಓಡಿಹೋಗುವುದಿಲ್ಲ. ಜಪಸರದ ಜೊತೆ ಧ್ಯಾನಿಸುವ ಯೇಸು, ಮರಿಯಳ ಬದುಕಿನ ಘಟನೆಗಳಿಗೆ ರಹಸ್ಯಗಳೆಂದು ಹೆಸರು. ಸೋಮವಾರ, ಶನಿವಾರ ಸಂತೋಷದ ರಹಸ್ಯಗಳು; ಮಂಗಳವಾರ, ಶುಕ್ರವಾರ ದುಃಖದವು; ಬುಧವಾರ, ಭಾನುವಾರ ಮಹಿಮೆಯವು; ಗುರುವಾರಕ್ಕೆ ಪೋಪ್ ಎರಡನೇ ಜಾನ್ ಪಾಲ್ 2002ರಲ್ಲಿ ಸೇರಿಸಿದ ಬೆಳಕಿನ ರಹಸ್ಯಗಳು. ಬಾಯಿ ಹೇಳುತ್ತಿರುವಾಗ ಮನಸ್ಸು ಆ ರಹಸ್ಯದ ದೃಶ್ಯದಲ್ಲಿರಬೇಕು. ವೇಗ ಹೆಚ್ಚಾದಷ್ಟೂ ಅದು ಬರೀ ಎಣಿಕೆಯಾಗುತ್ತದೆ.

ವಾಟ್ಸಾಪಿನಲ್ಲಿ ಬೆಳಿಗ್ಗೆ ಬರುವ ಹೂವಿನ ಚಿತ್ರದ ವಚನವನ್ನು ಈ ಓದಿಗೆ ಬದಲಿಯಾಗಿ ಎಣಿಸಬೇಡಿ. ಅದು ಮುಂದಿನ ಗುಂಪಿಗೆ ಕಳುಹಿಸುವಷ್ಟರಲ್ಲಿ ಮರೆತಿರುತ್ತದೆ.

ಬರಡು ತಿಂಗಳುಗಳು

ಅರೇಬಿಕಾ ಕೊಯ್ಲು ಬೀಳುವುದು ಆಗಮನ ಕಾಲ ಮತ್ತು ಕ್ರಿಸ್ಮಸ್ ಆಸುಪಾಸಿನಲ್ಲೇ. ವರ್ಷದಲ್ಲಿ ಮೈ ಅತ್ಯಂತ ದಣಿದಿರುವ ಹೊತ್ತಿಗೆ ದೊಡ್ಡ ಹಬ್ಬ. ಆಗ ಇಪ್ಪತ್ತು ನಿಮಿಷದ ಓದು ಆಗದು. ಲೂಕನ 24 ಅಧ್ಯಾಯಗಳಿವೆ, ಡಿಸೆಂಬರ್ ಒಂದರಿಂದ ದಿನಕ್ಕೊಂದು ಯಾರಾದರೂ ಗಟ್ಟಿಯಾಗಿ ಓದಲಿ, ಉಳಿದವರು ಬೇಳೆ ಆರಿಸುತ್ತಲೇ ಕೇಳಲಿ. ತಪಸ್ಸುಕಾಲ ಹೂಮಳೆಗೆ ಆಕಾಶ ನೋಡುವ ತಿಂಗಳುಗಳಲ್ಲಿ ಬರುತ್ತದೆ. ಕಾಯುವುದು ಏನೆಂದು ಆಗ ಪಾಠ ಬೇಕಾಗುವುದಿಲ್ಲ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರದ ಉಪವಾಸ ಹದಿನೆಂಟು ತುಂಬಿದವರಿಂದ ಐವತ್ತೊಂಬತ್ತು ತುಂಬುವವರೆಗಿನವರಿಗೆ. ಒಂದು ಪೂರ್ತಿ ಊಟ, ಜೊತೆಗೆ ಬೇಕಿದ್ದರೆ ಎರಡು ಹೊತ್ತು ಚೂರುಪಾರು. ಆ ಎರಡು ದಿನ ಹದಿನಾಲ್ಕು ತುಂಬಿದವರು ಮಾಂಸ ಬಿಡಬೇಕು.

ಎಲ್ಲ ಮಾಡಿಯೂ ಒಳಗೆ ಒಣಗಿಯೇ ಇರುವ ಕಾಲ ಬರುತ್ತದೆ. ಮೊದಲು ನಿದ್ದೆ ಸರಿಯಿದೆಯೇ ನೋಡಿ. ಪ್ರವಾದಿ ಎಲೀಯ ಸಾಯಬೇಕೆಂದು ಗಿಡದಡಿ ಮಲಗಿದಾಗ ದೇವದೂತ ಉಪದೇಶ ಮಾಡಲಿಲ್ಲ. ಬಿಸಿ ರೊಟ್ಟಿ, ನೀರು ಇಟ್ಟು ಎಬ್ಬಿಸಿದ, ತಿಂದ ಮೇಲೆ ಮತ್ತೆ ಮಲಗಲು ಬಿಟ್ಟ. 1 ಅರಸು 19ರಲ್ಲಿದೆ. ನಿದ್ದೆ ಸರಿಯಿದ್ದೂ ಬರಡಾಗಿದ್ದರೆ ಸಿಹಿಮಾತುಗಳನ್ನು ಬಲವಂತವಾಗಿ ಹೇಳಬೇಡಿ. 13ನೇ ಕೀರ್ತನೆ "ಎಷ್ಟು ಕಾಲ" ಎಂದು ದೇವರನ್ನೇ ಕೇಳುತ್ತದೆ, 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅವನ್ನು ಸಭೆಯ ಪ್ರಾರ್ಥನಾ ಗ್ರಂಥದಿಂದ ಯಾರೂ ತೆಗೆದುಹಾಕಿಲ್ಲ. ಅಂಥ ತಿಂಗಳಲ್ಲಿ ಹೊಸ ಭಕ್ತಿಕ್ರಮಗಳನ್ನು ಒಂದರ ಮೇಲೊಂದು ಹೇರಿಕೊಳ್ಳದೆ ಇರುವುದನ್ನೇ ಬಿಡದೆ ನಡೆಸಿ. ಎರಡು ಮೂರು ತಿಂಗಳಾದರೂ ಊಟ, ಕೆಲಸ, ಮಾತು ಯಾವುದೂ ಬೇಡವೆನಿಸಿದರೆ ಗುರುಗಳ ಜೊತೆಗೆ ವೈದ್ಯರನ್ನೂ ಕಾಣಬೇಕು.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಗೆ ಹೋಗುವುದಿದ್ದರೆ ಇಂಥ ಕಾಲದಲ್ಲಿ ಹೋಗಿ. ಫ್ರೆಂಚ್ ಮಿಷನರಿಗಳು 1860ರ ದಶಕದಲ್ಲಿ ಕಟ್ಟಿದ ಜಪಸರ ಮಾತೆಯ ಆ ದೇವಾಲಯ ಹೇಮಾವತಿ ಜಲಾಶಯಕ್ಕೆ ಸಿಕ್ಕಿ ಚಾವಣಿ ಕಳೆದುಕೊಂಡಿದೆ. ಜಲಾಶಯ ತುಂಬಿದಾಗ ನೀರಿನೊಳಗೆ ನಿಲ್ಲುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆಯಬಹುದು. ಫೋಟೋದವರ ಗದ್ದಲ ಶುರುವಾಗುವ ಮುಂಚೆ ಬೆಳ್ಳಂಬೆಳಿಗ್ಗೆ ತಲುಪಿ, 90ನೇ ಕೀರ್ತನೆ ಓದಿ. ಗೋಡೆಗಳು ಸಡಿಲವಾಗಿವೆ, ಹತ್ತಬೇಡಿ, ಒರಗಬೇಡಿ.

ಮನೆಯಿಂದ ಏಳಲಾಗದವರು

ಟಿವಿಯ ಪೂಜೆ ಹಾಸಿಗೆ ಹಿಡಿದವರಿಗೆ ಆಸರೆ, ಓಡಾಡಬಲ್ಲವರಿಗೆ ಅಲ್ಲ. ಆದರೆ ರೋಗಿಗೂ ಟಿವಿಯಲ್ಲಿ ಪರಮಪ್ರಸಾದ ಸಿಗುವುದಿಲ್ಲ, ಅದನ್ನು ಮನೆಗೆ ತರಿಸಿಕೊಳ್ಳಬೇಕು. ಬಹಳಷ್ಟು ಧರ್ಮಕೇಂದ್ರಗಳಲ್ಲಿ ಮೊದಲ ಶುಕ್ರವಾರ ಗುರುಗಳು ರೋಗಿಗಳ ಮನೆಗೆ ಬರುತ್ತಾರೆ, ಆ ವಾರದ ಶುರುವಿನಲ್ಲೇ ಹೆಸರು ಕೊಡಿ. ರೋಗಿಗಳ ತೈಲಲೇಪನವನ್ನೂ ಕೇಳಿ. ಅದು ಕೊನೆಯುಸಿರಿಗೆಂದೇ ಇರುವ ಸಂಸ್ಕಾರವಲ್ಲ, ದೊಡ್ಡ ಆಪರೇಷನ್‌ಗೆ ಮುಂಚೆಯೂ ಪಡೆಯಬಹುದು. ಹಾಸಿಗೆಯ ಪಕ್ಕ ಸಣ್ಣ ಮೇಜು, ಒಗೆದ ಬಿಳಿ ಬಟ್ಟೆ, ಶಿಲುಬೆ, ಮೇಣದಬತ್ತಿ, ಒಂದು ಲೋಟ ನೀರು ಇಡಿ. ಟಿವಿ ಆರಿಸಿ, ನಾಯಿ ಕಟ್ಟಿ. ನುಂಗಲು ಕಷ್ಟವಾದರೆ ಮೊದಲೇ ಹೇಳಿ, ಚಿಕ್ಕ ಚೂರು ಕೊಡುತ್ತಾರೆ.

ಗುರುಗಳು ಬರುವ ಅರ್ಧ ಗಂಟೆ ಮುಂಚೆ ಹಿಂದಿನ ಭಾನುವಾರದ ಶುಭಸಂದೇಶವನ್ನು ರೋಗಿಯ ಕಿವಿಯ ಹತ್ತಿರ ಕೂತು ಓದಿ, ಅವರು ಚಿಕ್ಕಂದಿನಲ್ಲಿ ಕೇಳಿದ ಭಾಷೆಯಲ್ಲಿ. ನಡುವೆ ಕಣ್ಣು ಮುಚ್ಚಿದರೆ ನಿದ್ದೆ ಬಂತೆಂದು ನಿಲ್ಲಿಸಬೇಡಿ. ಕೊನೆಯ ವಚನದವರೆಗೂ ಓದಿ, ಆಮೇಲೆ ಮೇಣದಬತ್ತಿ ಹಚ್ಚಿ.